ಬೇರು ತೋರಿಸಿದವರ ಹೆಸರು

ಮಾಷ್ ಅವರ ಬಲಗೈ ಬೆರಳುಗಳು ಮಳೆಗಾಲವಿಡೀ ಬಾತುಕೊಂಡು ಕೆಂಪಗಿರುತ್ತಿದ್ದವು. ಗಡಿನಾಡಿನ ಬೇಗೂರಿನ ಕಾಡಂಚಿನಲ್ಲಿ ಬೆಳೆಯುವ, ಹಾವಿನ ಮೈಯಂಥ ಮಚ್ಚೆದಂಟಿನ ಗೆಡ್ಡೆಗಿಡಗಳನ್ನು ಅವರು ಬರಿಗೈಯಲ್ಲೇ ಮುರಿಯುತ್ತಿದ್ದರು. ಅವುಗಳ ರಸ ತಾಗಿದರೆ ತುರಿಕೆ. ಪೆನ್ನು ಹಿಡಿಯಲಾಗದ ಆ ದಿನಗಳಲ್ಲಿ ಅವರು ಹೇಳಿದ್ದನ್ನು ಬರೆದುಕೊಡುತ್ತಿದ್ದವಳು, ಅವರು ಮಾಷ್, ಅಂದರೆ ಮೇಷ್ಟ್ರು, ಆಗಿದ್ದ ಶಾಲೆಗೆ ಹೊಸದಾಗಿ ಸೇರಿದ್ದ ನಾನು.

ಮಾಷ್ ಮಂಗಳೂರಿನಲ್ಲಿ ಪಾದ್ರಿಯಾಗಲು ಓದುತ್ತ ಗ್ರೀಕ್ ಕಲಿತು, ಅರ್ಧಕ್ಕೇ ಬಿಟ್ಟು ಬಂದವರು. ಹಳೆಯ ಗ್ರೀಕರು ಹಾವಿನಿಂದ ಹೆಸರು ಕಟ್ಟಿದ ಗಿಡ, ಪ್ರಾಣಿಗಳನ್ನು ಪಟ್ಟಿ ಮಾಡುವುದು ಅವರ ಹುಚ್ಚು. ಇಂಥದ್ದೇ ಮಚ್ಚೆದಂಟಿನ ಗಿಡಕ್ಕೆ ಗ್ರೀಕರು ದ್ರಾಕೋಂತಿಯೋನ್ ಎಂದರಂತೆ. ದ್ರಾಕೋನ್ ಎಂದರೆ ಹಾವು. ಬೀಜ ವಿಷದ ಹಾವಿನ ತಲೆಯಂತಿದ್ದ ಗಿಡ ಎಖಿಯೋನ್. ವಿಷದ ಮುಳ್ಳಿರುವ ಒಂದು ಕಡಲಮೀನು ದ್ರಾಕೈನ, ಹೆಣ್ಣುಹಾವು. ಅಂಥ ಗಿಡಗಳನ್ನು ನಮ್ಮ ಕಾಡಿನಲ್ಲಿ ತೋರಿಸುತ್ತಿದ್ದವರು ಹತ್ತಿರದ ಆದಿವಾಸಿ ಹಾಡಿಯ ಹಿರಿಯರಾದ ಮೂಪ್ಪ.

"ಮೀನಿಗೂ ಹಾವಿನ ಹೆಸರಾ ಮಾಷೇ? ಆ ನಾಡಿನವ್ರಿಗೆ ಬೇರೆ ಕೆಲಸ, ಪಣಿ ಇರ್ಲಿಲ್ವಾ?" ಎಂದು ಮೂಪ್ಪ ನಗುತ್ತಿದ್ದರು.

ಒಣಗಿಸಿ ಅಂಟಿಸಿದ ಪ್ರತಿ ಗಿಡದ ಹಾಳೆಯ ಕೆಳಗೆ ಸಿಕ್ಕಿದ ಜಾಗ, ತೋರಿಸಿದವರ ಹೆಸರು ಇರಲೇಬೇಕು ಎಂಬುದು ಮಾಷ್ ಹಟ. "ಗ್ರೀಕರ ಪುಸ್ತಕದಲ್ಲಿ ಬೇರು ಅಗೆದವರ ಹೆಸರಿಲ್ಲ, ಟೀಚರೇ. ಅದು ಕಳ್ಳತನ. ನಾವು ಮಾಡೋದು ಬೇಡ."

ನಕ್ಸಲರನ್ನು ಹುಡುಕುತ್ತ ಪೊಲೀಸರು ಕಾಡು ಜಾಲಾಡುತ್ತಿದ್ದ ವರ್ಷ ಅದು. ಶಾಲೆಗೂ ಬಂದರು. ಇನ್ಸ್‌ಪೆಕ್ಟರ್ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಗಿಡ ನೋಡಲಿಲ್ಲ. ಕೆಳಗಿನ ಸಾಲು ಮಾತ್ರ ಓದಿದ: ಯಾವ ನೀರಿನ ತೋಡು, ಯಾವ ಗುಡ್ಡ, ಯಾರು.

"ಒಳದಾರಿ ಗೊತ್ತಿರೋರ ಹೆಸರೆಲ್ಲ ಇದೆಯಲ್ಲ ಮಾಷೇ. ನಮ್ಮ ಪಣಿ ನೀವೇ ಮಾಡಿಟ್ಟಿದ್ದೀರಿ. ಯಾರ ಕೈಬರಹ?"

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಮಾಷ್ ನನ್ನತ್ತ ನೋಡದೆ "ನನ್ನದು" ಎಂದರು. ನಾನು ಬಾಯಿ ಬಿಡಲಿಲ್ಲ.

ಅವರನ್ನೂ ಮೂಪ್ಪರನ್ನೂ ಒಂದೇ ಜೀಪಿನಲ್ಲಿ ಒಯ್ದರು. "ಅವರು ಗಿಡ ತೋರಿಸಿದ್ದು, ಅಷ್ಟೇ" ಎಂದು ಮಾಷ್ ಜೀಪು ಹೊರಡುವವರೆಗೂ ಹೇಳುತ್ತಲೇ ಇದ್ದರು. ನಾಲ್ಕನೆಯ ದಿನ ಮಾಷ್ ಎರಡು ಹಲ್ಲು ಕಳೆದುಕೊಂಡು ಬಂದರು. ಮೂಪ್ಪ ಬಂದದ್ದು ತಿಂಗಳ ಮೇಲೆ, ಇಬ್ಬರ ಹೆಗಲಿಗೆ ಕೈಹಾಕಿಕೊಂಡು. ಅಂಗಾಲಿಗೆ ಹೊಡೆದಿದ್ದರು. ಆ ಕಾಲುಗಳು ಮತ್ತೆ ಕಾಡು ಹತ್ತಲಿಲ್ಲ. ಅಪರಾಧವೇನೆಂದು ಯಾರೂ ಹೇಳಲಿಲ್ಲ, ತಪ್ಪಾಯಿತೆಂದೂ ಹೇಳಲಿಲ್ಲ. ಹಾಳೆಗಳ ಕಟ್ಟನ್ನು ಮಾತ್ರ ಹಿಂದೆ ಕಳಿಸಿ, ಸರಿಯಾಗಿ ತಲುಪಿದೆ ಎಂದು ಮಾಷ್ ಕೈಯಿಂದ ಸಹಿ ಹಾಕಿಸಿಕೊಂಡರು. ಆ ಸಹಿ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ಮಾಷ್ ಆ ಕಟ್ಟು ಬಿಚ್ಚಲಿಲ್ಲ. ಪ್ರತಿ ಭಾನುವಾರ ಹಾಡಿಗೆ ಹೋಗುತ್ತಿದ್ದರು. ಬರೆದವಳು ನಾನೆಂದು ಅವರು ಅಲ್ಲಿಯೂ ಹೇಳಲಿಲ್ಲ.

ಅವರು ತೀರಿಕೊಂಡ ಮರುವಾರ ನಾನು ಹೋದೆ. ಮೂಪ್ಪ ಜಗಲಿಯಲ್ಲಿ ಕಾಲು ಚಾಚಿ ಬಿದಿರು ಸೀಳುತ್ತಿದ್ದರು.

"ಆ ಹಾಳೆಗಳಲ್ಲಿದ್ದ ಅಕ್ಷರ ನನ್ನದು, ಮೂಪ್ಪಾ."

ಅವರು ಕತ್ತಿ ನಿಲ್ಲಿಸಲಿಲ್ಲ.

"ಮಾಷ್ ಇರೋವಾಗ ಹೇಳ್ಬೇಕಿತ್ತು, ಟೀಚರೇ. ಸಾಯೋವರೆಗೂ ಅವ್ರು ನನ್ನ ಮುಂದೆ ತಲೆ ಎತ್ತಿ ಕೂರ್ಲಿಲ್ಲ."