ಪಡಸಾಲೆಯ ವಿಮಾನ ಕಾಳಗ

ಅಮಾವಾಸ್ಯೆಯ ದಿನ ಬೆಟಗೇರಿಯ ಆ ಓಣಿಯಲ್ಲಿ ಮಗ್ಗಗಳು ಸುಮ್ಮನಿರುತ್ತಿದ್ದವು. ಮಧ್ಯಾಹ್ನದ ಊಟ ಮುಗಿಸಿ ನೇಕಾರ ರಹಮಾನಸಾಬರು ನಾಲ್ಕು ಮನೆ ಆಚೆಯ ಜಯತೀರ್ಥಾಚಾರ್ಯರ ಪಡಸಾಲೆಗೆ ಯುದ್ಧ ಮಾಡಲು ಹೋಗುವರು. ಎಪ್ಪತ್ತಾರರಲ್ಲಿ ಶುರುವಾದ ಯುದ್ಧವದು.

ಜಯತೀರ್ಥರು ಲಕ್ಷ್ಮೇಶ್ವರದ ಪೂಜೆಯ ಮನೆತನದವರು. ಪೂಜೆ ತಮ್ಮನಿಗೆ ಬಿಟ್ಟು ವಾಯುಪಡೆ ಸೇರಿದ್ದರು. ವಿಮಾನ ಹಾರಿಸಿದವರಲ್ಲ. ದೊಡ್ಡ ಮೇಜಿನ ಮೇಲೆ ನಕ್ಷೆ ಹಾಸಿರುತ್ತಿತ್ತು. ರೇಡಾರಿನಿಂದ ಫೋನಿಗೆ ಬಂದ ಸುದ್ದಿಯಂತೆ ವಿಮಾನದ ಗುರುತುಗಳನ್ನು ಕೋಲಿನಿಂದ ಸರಿಸುವುದು ಅವರ ಕೆಲಸ. ಅದನ್ನು ನೋಡಿ ಅಧಿಕಾರಿ ಆಜ್ಞೆ ಕೊಡುತ್ತಿದ್ದರು.

ಎಪ್ಪತ್ತೊಂದರ ಡಿಸೆಂಬರಿನ ಒಂದು ಮುಂಜಾನೆ ನಮ್ಮ ಎರಡು ವಿಮಾನ ಮರಳುತ್ತಿದ್ದವು. ಹಿಂದಿನದಕ್ಕೆ ಪೆಟ್ಟಾಗಿತ್ತು, ಬೆನ್ನಿಗೆ ವೈರಿ. ಮುಂದಿನವನು ಅದರ ನೆರವಿಗೆ ಹಿಂದಕ್ಕೆ ಹೊರಳಿ ಹೋದರೆ ಮರಳಲು ಎಣ್ಣೆ ಸಾಲುತ್ತದೆಯೇ ಎಂದು ಅಧಿಕಾರಿ ಕೇಳಿದರು. ಜಯತೀರ್ಥರು ನಕ್ಷೆ ಅಳೆದು, ಸಾಲುವುದಿಲ್ಲ ಎಂದರು. ಮುಂದಿನವನು ಸೀದಾ ಬಂದ. ಸ್ವಲ್ಪ ಹೊತ್ತಿಗೆ ಹಿಂದಿನ ಗುರುತನ್ನು ಜಯತೀರ್ಥರೇ ಮೇಜಿನಿಂದ ಎತ್ತಿಡಬೇಕಾಯಿತು.

ನೌಕರಿ ಮುಗಿಸಿ ಬಂದು ಗದಗಿನಲ್ಲಿ ಕಾರಕೂನರಾದ ಮೇಲೂ ಆ ಮಾತು ಅವರನ್ನು ಬಿಡಲಿಲ್ಲ. ತಾನು ಹೇಳಿದ್ದು ಖರೆಯೋ ಸುಳ್ಳೋ? ಅದನ್ನು ತಿಳಿಯಲೆಂದೇ ಆಟ ಕಟ್ಟಿದರು. ನೆಲದ ಮೇಲೆ ಸೀಮೆಸುಣ್ಣದ ಮನೆಗಳು. ಆ ಮುಂಜಾನೆಯಂತೆಯೇ ನಮ್ಮ ಎರಡು ವಿಮಾನ ಹಸಿರು ಬಳೆಚೂರು, ಬೆನ್ನಿಗಿರುವ ವೈರಿಯದು ಕೆಂಪು. ಎತ್ತರಕ್ಕೆ ಚೂರಿನ ಕೆಳಗೆ ಬೆಂಕಿಪೊಟ್ಟಣ. ಎಣ್ಣೆಯೆಂದರೆ ಹುಣಸೆಬೀಜ: ಒಂದು ಮನೆ ಮುಂದೆ ಹೋದರೆ ಒಂದು, ಹೊರಳಿದರೆ ಮೂರು, ಇಳಿಯುತ್ತ ಬಂದರೆ ಏನೂ ಖರ್ಚಿಲ್ಲ. ಬೀಜ ಕಡಿಮೆಯಾದಾಗಲೆಲ್ಲ ಹೆಂಡತಿ ಪದ್ಮಾಬಾಯಿ, ದೇಶ ಕಾಯುವವರಿಗೆ ಈ ವಾರ ಹುಣಸೆ ಹೆಚ್ಚು ಹಾಕಿ ಸಾರು ಹುಳಿ ಮಾಡುತ್ತೇನೆ ಎಂದು ನಗುತ್ತಿದ್ದರು.

ಜಯತೀರ್ಥರು ಯಾವಾಗಲೂ ಹಸಿರು. ಪ್ರತಿ ಸಲ ಹಿಂದಿನದನ್ನು ಬಿಟ್ಟು ಮುಂದಿನದನ್ನು ಮನೆಗೆ ತರುವರು. ಹೊರಳಿದ್ದರೆ ಎರಡೂ ಹೋಗುತ್ತಿದ್ದವು ಎಂದು ಉಸಿರು ಬಿಡುವರು. ಹಳೆಯ ಸಂಗತಿ ರಹಮಾನಸಾಬರಿಗೆ ಗೊತ್ತಿರಲಿಲ್ಲ.

ಎಂಬತ್ತಮೂರರ ಒಂದು ಅಮಾವಾಸ್ಯೆ ಅವರೆಂದರು, "ಏಳು ವರ್ಷ ಆತರಿ ಆಚಾರ್ರ, ನಾನ ವೈರಿ ಆಗೇನಿ. ನೋಡಿದ ಮಂದಿ ಏನಂದಾರು? ಇವತ್ತರ ಹಸರು ಕೊಡ್ರಿ."

ಆಚಾರ್ಯರು ನಕ್ಕು ಕೊಟ್ಟರು. ಹಿಂದಿನ ಚೂರಿನ ಬೆನ್ನಿಗೆ ಕೆಂಪು ಬರುತ್ತಲೇ ರಹಮಾನಸಾಬರ ಬೆರಳು ಮುಂದಿನದರ ಮೇಲೆ ಬಂತು.

"ಹೊಳ್ಳಸಬ್ಯಾಡ್ರಿ. ಎಣ್ಣಿ ಸಾಲೂದಿಲ್ಲ," ಎಂದರು ಆಚಾರ್ಯರು.

"ಎಳಿ ಹರದದ್ದು ಕಂಡಮ್ಯಾಲೆ ಹಂಗ ಬಿಟ್ಟು ನೇಯಾಕ ನನಗ ಕೈ ಏಳೂದಿಲ್ಲರಿ."

ಹೊರಳಿಸಿದರು. ಎದುರು ಬಂದವನನ್ನು ಕಂಡು ಕೆಂಪು ಹಿಂದೆ ಸರಿಯಬೇಕಾಯಿತು. ಆಮೇಲೆ ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ತೆಗೆಯುತ್ತ, ಇಳಿಸುತ್ತ ಇಳಿಸುತ್ತ, ಎರಡೂ ಹಸಿರು ಚೂರುಗಳನ್ನು ಮನೆ ಮುಟ್ಟಿಸಿದರು. ಅಂಗೈಯಲ್ಲಿ ಎರಡು ಬೀಜ ಉಳಿದಿದ್ದವು. ಎತ್ತರ ಕಳೆದುಕೊಂಡೂ ದಾರಿ ಸಾಗಿಸಬಹುದೆಂಬುದು ಮೇಜಿನ ಚಪ್ಪಟೆ ನಕ್ಷೆಯಲ್ಲಿ ಜಯತೀರ್ಥರಿಗೆ ಹೊಳೆದಿರಲಿಲ್ಲ; ಆಟದಲ್ಲಿ ಆ ನಿಯಮ ತಾವೇ ಇಟ್ಟರೂ ಒಮ್ಮೆಯೂ ಹೊರಳಿಸಿ ನೋಡಿರಲಿಲ್ಲ.

ಗೆದ್ದ ಖುಷಿಯಲ್ಲಿ ರಹಮಾನಸಾಬರು ಚಹಾ ಕೇಳಿದರು. ಆಚಾರ್ಯರು ಖರ್ಚಾದ ಬೀಜಗಳನ್ನು ಇನ್ನೊಮ್ಮೆ ಎಣಿಸಲು ಹೇಳಿದರು, ಮತ್ತೊಮ್ಮೆ ತಾವೇ ಎಣಿಸಿದರು.

"ಸಾಲೂದಿಲ್ಲ ಅಂತ ಅವತ್ತ ಹೇಳಿದಾಂವ ನಾನರಿ," ಎಂದು ಎಲ್ಲವನ್ನೂ ಹೇಳಿದರು.

ರಹಮಾನಸಾಬರ ಮುಖ ಇಳಿಯಿತು. ಇದು ಹುಣಸೆಬೀಜ, ಅದು ಆಕಾಶ. ಎರಡಕ್ಕೂ ಒಂದೇ ಲೆಕ್ಕವೆಂದು ಯಾರು ಹೇಳಿದರು ಎಂದು ಎಷ್ಟೋ ಸಮಾಧಾನ ಮಾಡಿದರು. ಚಹಾ ಆರಿತು.

ಅಂದಿನಿಂದ ಜಯತೀರ್ಥರು ಹಸಿರು ಚೂರು ಮುಟ್ಟಲಿಲ್ಲ. ಕೆಂಪು ಹಿಡಿದೇ ಕೂತರು. ಮರು ಅಮಾವಾಸ್ಯೆ ರಹಮಾನಸಾಬರು ಬೇಕೆಂತಲೇ ಹಿಂದಿನದನ್ನು ಬಿಟ್ಟು ಸೀದಾ ಮನೆಯ ಕಡೆ ಹೊರಟರು. ಗೆಳೆಯನ ಹಳೆಯ ಮಾತು ಖರೆಯಾಗಲಿ ಎಂದು. ಜಯತೀರ್ಥರು ಅವರ ಕೈ ಹಿಡಿದರು.

"ಬೀಜ ಇನ್ನೂ ಅದಾವಲ್ಲ," ಎಂದರು ಮೆಲ್ಲಗೆ. "ಹೊಳ್ಳಸ್ರಿ."