ಮೀನು ಡಾಕ್ಟರ ಸಿಡುಕು ಪರೀಕ್ಷೆ

ತಣ್ಣೀರಿನ ತೊರೆಗಳ ಆರೋಗ್ಯ ನೋಡುವ ಮೀನು ಡಾಕ್ಟರು ಬಲೆಗೆ ಬಿದ್ದ ಪ್ರತಿ ಮೀನಿಗೂ, “ಸ್ವಲ್ಪ ಅಲ್ಲಾಡದೆ ಇರಿ ಸ್ವಾಮಿ” ಎಂದು ಕೈಮುಗಿದು, ಅಳೆದು, ಮತ್ತೆ ನೀರಿಗೆ ಬಿಡುತ್ತಾರೆ. ನೀರು ಕೊಂಚ ಬಿಸಿಯಾದರೂ ಮುನಿಸಿಕೊಂಡು ಜಾಗ ಖಾಲಿ ಮಾಡುವ ಸಿಡುಕು ಮೀನು ಇನ್ನೂ ಅಲ್ಲಿದ್ದರೆ, ತೊರೆ ಗಟ್ಟಿಮುಟ್ಟಾಗಿದೆ ಎಂದು ಹಿಗ್ಗಿ ಹೀರೇಕಾಯಿಯಾಗುತ್ತಾರೆ. ಎಂಥ ಕೊಳಕಿಗೂ ಹೊಂದಿಕೊಳ್ಳುವ ಮೀನಷ್ಟೇ ಸಿಕ್ಕರೆ ಅಂದು ಅವರಿಗೆ ಊಟ ಸೇರುವುದಿಲ್ಲ. ಮದುವೆಮನೆಯಲ್ಲೂ ಅಷ್ಟೇ, ಮುಖ ಊದಿಸಿಕೊಂಡ ನೆಂಟರನ್ನು ಹುಡುಕಿಕೊಂಡು ಹೋಗಿ ಕೈಕುಲುಕುತ್ತಾರೆ. ಮನೆಯಲ್ಲಿ, ಎಲ್ಲದಕ್ಕೂ ಕೊಂಕು ತೆಗೆಯುವ ಅಕ್ಕನಿಗೆ ದಿನಾ ಬೆಳಿಗ್ಗೆ ಬೇಕೆಂದೇ ಸಕ್ಕರೆಯಿಲ್ಲದ ಚಹಾ ಕೊಟ್ಟು, ಚೆನ್ನಾಗಿ ಬೈಸಿಕೊಂಡು, ನೆಮ್ಮದಿಯಿಂದ ಕೆಲಸಕ್ಕೆ ಹೊರಡುತ್ತಾರೆ. ಈ ಬೆಳಿಗ್ಗೆ ಅಕ್ಕ ಅದೇ ಚಹಾ ಕುಡಿದು, “ಚೆನ್ನಾಗಿದೆ ಕಣೋ” ಎಂದಳು. ಡಾಕ್ಟರು ಹಾಕಿಕೊಂಡಿದ್ದ ಗಂಬೂಟು ಬಿಚ್ಚಿಟ್ಟು ಅವಳ ಪಕ್ಕ ಕೂತು, “ಆಸ್ಪತ್ರೆಗೆ ಹೋಗೋಣ, ಏಳಕ್ಕ” ಎಂದರು.