ಪೀಚ್ ವೈನು ಮಾರುತ್ತಿದ್ದವರು

ನಮ್ಮವರು ಇಪ್ಪತ್ತಾರು ವರ್ಷ ವೈನ್ ಅಂಗಡಿ ನಡೆಸಿದರು. ತಾವು ಕುಡಿದದ್ದು ಬರೀ ಚಹಾ. ದುಬಾರಿ ಬಾಟಲಿಗಳೂ ಇದ್ದವು, ಆದರೆ ಅವರಿಗೆ ಅಚ್ಚುಮೆಚ್ಚು ಪೀಚ್ ವೈನು. ಎಲ್ಲಕ್ಕಿಂತ ಅಗ್ಗ. ಪೀಚ್ ಹಣ್ಣಿನ ರುಚಿ, ಸೋಡಾದ ಹಾಗೆ ಗುಳ್ಳೆ. ಎದುರಿನ ಹೊಲಿಗೆ ಕಾರ್ಖಾನೆಯ ಹೆಂಗಸರು, ಆಸ್ಪತ್ರೆಯ ನರ್ಸುಗಳು, ನಿವೃತ್ತ ಬಸ್ ಡ್ರೈವರ್ ಒಬ್ಬರು ಅದಕ್ಕೇ ಬರುತ್ತಿದ್ದರು. ಬೇರೆ ಕೊಟ್ಟರೆ ಮುಟ್ಟುತ್ತಿರಲಿಲ್ಲ.

ಇದೆಲ್ಲ ಆಮೇಲೆ ಗಿರಾಕಿಗಳೇ ನನಗೆ ಹೇಳಿದ್ದು. ಒಮ್ಮೆ ಟೈ ಕಟ್ಟಿದವನೊಬ್ಬ, "ಈ ಸೋಪಿನ ನೀರನ್ನ ಯಾರ್ರೀ ಕುಡೀತಾರೆ?" ಎಂದು ನಕ್ಕ.

"ಕುಡಿಯೋರು ನಿಮ್ಮ ಹಿಂದೇನೇ ನಿಂತಿದಾರೆ ಸರ್. ಸ್ವಲ್ಪ ಜಾಗ ಬಿಡಿ," ಎಂದರು ನಮ್ಮವರು.

ಆ ಬಾಟಲಿಯನ್ನು ಕಾಗದ ಸುತ್ತಿ ಕೊಟ್ಟವರಲ್ಲ. "ಕದ್ದ ಮಾಲಾ ಇದು?" ಎನ್ನುವರು. ಒರೆಸಿ, ಎರಡೂ ಕೈಯಲ್ಲಿ ಕೊಡುವರು.

ಎರಡು ತಿಂಗಳ ಹಿಂದೆ ಊಟಕ್ಕೆ ಕೂತವರು ಏಳಲಿಲ್ಲ. ಎದೆ ಹಿಡಿದುಕೊಂಡರು, ಅಷ್ಟೆ.

ಮೈದುನ ಅಂಗಡಿ ಮಾರೋಣ ಎಂದ. "ಅತ್ತಿಗೆ, ನಿಮಗೆ ಈ ವ್ಯಾಪಾರದ ತಲೆಬುಡ ಗೊತ್ತಿಲ್ಲ. ಇರೋ ಗಿರಾಕಿನೂ ಓಡಿಸ್ತೀರ."

ಮನೆಯಲ್ಲಿ ಕೂತಿರಲು ನನ್ನಿಂದ ಆಗುತ್ತಿರಲಿಲ್ಲ. ಒಂದು ವಾರ ನಾನೇ ಅಂಗಡಿಯಲ್ಲಿ ಕೂರುತ್ತೇನೆ, ಗಿರಾಕಿ ಓಡಿಹೋದರೆ ಮಾರಿಬಿಡು ಎಂದೆ.

ಮದುವೆಗೆ ಮುಂಚೆ ನಾನು ಹಣ್ಣಿನ ರಸದ ಅಂಗಡಿಯಲ್ಲಿದ್ದೆ. ರಸದ ತಿರುಳು ತಳಕ್ಕೆ ಕೂರುತ್ತದೆ. ಕುಲುಕದೆ ಕೊಟ್ಟರೆ ಯಜಮಾನಿ ಬೈಯುತ್ತಿದ್ದಳು.

ಶನಿವಾರ ಮಧ್ಯಾಹ್ನ ಹೊಲಿಗೆಯವರ ಸೂಪರ್‌ವೈಸರ್ ಬಂದಳು. ಎಲ್ಲರೂ ದಪ್ಪಕ್ಕ ಎನ್ನುತ್ತಾರೆ. ಮೂರು ಪೀಚ್ ಕೇಳಿದಳು. ಹಿಂದಿನ ಕೋಣೆಯ ಫ್ರಿಜ್ಜಿನಿಂದ ತೆಗೆದು, ಅಲ್ಲೇ ಒಂದೊಂದನ್ನೂ ತಲೆಕೆಳಗು ಮಾಡಿ ಜೋರಾಗಿ ಕುಲುಕಿದೆ. ತಂದು ಕೊಟ್ಟೆ.

ಐದು ನಿಮಿಷಕ್ಕೆ ಎದುರುಗಡೆ ಕಿರುಚಾಟ. ದಪ್ಪಕ್ಕ ರಸ್ತೆ ದಾಟಿ ಬಂದಳು. ಕೂದಲಿಂದ ವೈನು ತೊಟ್ಟಿಕ್ಕುತ್ತಿತ್ತು. ಹಿಂದೆ ಐದಾರು ಜನ. ಮೈದುನ ಅಲ್ಲೇ ಇದ್ದ.

"ಅಕ್ಕಾ, ಏನು ತುಂಬಿದ್ರಿ ಇದಕ್ಕೆ, ಪಟಾಕಿ ಮದ್ದಾ? ಮೂರೂ ಸೂರಿಗೆ ಹೋಯ್ತು!"

"ತಿರುಳು ಕೂತಿರುತ್ತಲ್ಲಾ ಅಂತ ಕುಲುಕಿದೆ," ಎಂದೆ.

ಮೈದುನ ಹಣೆ ಚಚ್ಚಿಕೊಂಡ. ಅಂಗಡಿ ಹೋಯಿತು ಎಂದುಕೊಂಡೆ.

ದಪ್ಪಕ್ಕ ನನ್ನ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಇದರಲ್ಲಿ ಹಣ್ಣು ಎಲ್ಲಿದೆ ಅಕ್ಕಾ? ಹಣ್ಣಿರೋದು ಲೇಬಲ್ ಮೇಲೆ ಮಾತ್ರ!"

ಉಳಿದವರೂ ನಕ್ಕರು. ಅವಳೇ ಒಳಗೆ ಹೋಗಿ ಇನ್ನೊಂದು ಬಾಟಲಿ ತಂದಳು. ಓರೆಯಾಗಿ ಹಿಡಿದು, ಬಿರಡೆ ಬಿಗಿಹಿಡಿದು, ಬಾಟಲಿಯನ್ನೇ ನಿಧಾನ ತಿರುಗಿಸಿದಳು. ಉಸ್ ಎಂದಿತು. ಒಂದು ಹನಿಯೂ ಚೆಲ್ಲಲಿಲ್ಲ.

"ಅಣ್ಣ ಕಲಿಸಿದ್ದು," ಎಂದಳು.

ಅದರಲ್ಲಿ ಗುಳ್ಳೆ ಇರುವುದೇ ನನಗೆ ಗೊತ್ತಿರಲಿಲ್ಲ. ನಮ್ಮವರು ಮನೆಯಲ್ಲಿ ಅಂಗಡಿಯ ಮಾತು ಆಡುತ್ತಿರಲಿಲ್ಲ.

"ಮುಂದಿನ ಶನಿವಾರಾನೂ ಬರ್ತೀವಿ. ಕುಲುಕಿದ್ರೆ ನೋಡಿ ಮತ್ತೆ!"

ಅವರು ಹೋದ ಮೇಲೆ ಮೈದುನ, ಅಂಗಡಿ ಕೊಳ್ಳಲು ಬರಬೇಕಿದ್ದವನಿಗೆ ಫೋನು ಮಾಡಿ ಬೇಡ ಎಂದ. ನಾನು ನೆಲ ಒರೆಸಿದೆ. ನಮ್ಮವರು ಇದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದರು. ಬೈಸಿಕೊಳ್ಳಬೇಕು ಅನ್ನಿಸಿತು.